ಉಪ್ಪಿನಕಾಯಿ ಲೇಬಲ್ಲಿಗೆ ಬರೆದ ಅಕ್ಷರವನ್ನೇ ಫಾಂಟ್ ಮಾಡಿಕೊಡಿ ಅಂತಿದಾರೆ, ಒಪ್ಕೊಳ್ಳಲಾ?

ತುಂಗೆದಡ

ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಬೆಂಗಳೂರಲ್ಲಿ ಡಿಸೈನ್ ಕೆಲಸದಲ್ಲಿದ್ದೆ, ಬಿಟ್ಟು ಊರಿಗೆ ಬಂದು ಈಗ ಕೈಯಲ್ಲಿ ಅಕ್ಷರ ಬರೆಯೋದನ್ನೇ ಕಸುಬು ಮಾಡ್ಕೊಂಡಿದ್ದೇನೆ. ಹೋಂಸ್ಟೇ ಬೋರ್ಡು, ಪುಸ್ತಕದ ಮುಖಪುಟ, ನಾಟಕದ ಪೋಸ್ಟರು, ಮದುವೆ ಕಾಗದದ ಹೆಸರು, ಏನು ಬಂದ್ರೂ ಸೈ. ಆಷಾಢ ಬಂತು ಅಂದ್ರೆ ಫೋನೇ ಹೊಡ್ಕೊಳ್ಳಲ್ಲ, ಅದೊಂದು ಬೇರೆ ಕಥೆ.

ಈಗಿನ ವಿಷಯ ಇದು. ಉಪ್ಪಿನಕಾಯಿ ಮಾಡಿ ಮಾರೋ ಒಬ್ಬರಿಗೆ ಲೇಬಲ್ ಬರೆದುಕೊಟ್ಟಿದ್ದೆ. ‘ಅಪ್ಪೆಮಿಡಿ ಉಪ್ಪಿನಕಾಯಿ’, ಎರಡೇ ಪದ. ಬ್ರಶ್ ಪೆನ್ನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಅಂಚು ತಿದ್ದಿ, ಎಷ್ಟು ಹಿಗ್ಗಿಸಿದ್ರೂ ಒಡೆಯದ ವೆಕ್ಟರ್ ಫೈಲ್ ಕೊಟ್ಟೆ. ಅವರಿಗೆ ಭಾಳ ಹಿಡಿಸ್ತು. ಈಗ ಕಂಚಿಕಾಯಿ, ಲಿಂಬೆ, ಮಾವಿನ ತೊಕ್ಕು, ಹಲಸಿನ ಹಪ್ಪಳ, ಜೋನಿ ಬೆಲ್ಲ ಅಂತ ಐಟಂ ಜಾಸ್ತಿ ಮಾಡ್ತಿದಾರೆ. “ಪ್ರತಿ ಸಲ ನಿಮಗೆ ತೊಂದ್ರೆ ಕೊಡೋದ್ಯಾಕೆ, ಅದೇ ಅಕ್ಷರದ ಫಾಂಟ್ ಮಾಡಿಕೊಟ್ಬಿಡಿ, ನಾವೇ ಟೈಪ್ ಮಾಡ್ಕೋತೀವಿ. ಕನ್ನಡದಲ್ಲಿ 49 ಅಕ್ಷರ ತಾನೆ, ಅಕ್ಷರಕ್ಕೆ ಇಷ್ಟು ಅಂತ ರೇಟ್ ಹೇಳಿ” ಅಂದರು.

ಫಾಂಟ್ ಮಾಡೋ ಆಸೆ ನನಗೂ ಮೊದಲಿಂದ ಇದೆ. ಆದರೆ ಇದು ಶುರು ಮಾಡೋಕೆ ಸರಿಯಾದ ಜಾಗವಾ? ಮಾಡಿದ್ರೆ ರೇಟ್ ಹೇಗೆ ಹೇಳೋದು? ಕೊಟ್ಟ ಮೇಲೆ ಆ ಅಕ್ಷರ ಯಾರದ್ದಾಗತ್ತೆ? ಗೊತ್ತಿರೋರು ಹೇಳಿ.

ತಗಡುಬೋರ್ಡು, ಸಾಗರ

49 ಅಕ್ಷರವಾ? ಹಾಗಾದ್ರೆ ‘ಪ್ಪೆ’ ಎಷ್ಟನೇ ನಂಬರ್ ಅಂತ ಅವ್ರನ್ನೇ ಕೇಳು ಮಾರಾಯ್ತಿ.

ಅಡಿಕೆ ಸುಲಿದ ಹಾಗೆ ಡಬ್ಬಕ್ಕೆ ಇಷ್ಟು ಅಂತ ರೇಟ್ ಹಾಕೋ ಕೆಲಸ ಅಲ್ಲ ಇದು. ನಾನು ಬೋರ್ಡ್ ಬರೆಯೋನು, ಫಾಂಟು ಗೀಂಟು ನಂಗೆ ತಿಳಿಯಲ್ಲ. ಆದ್ರೆ ಅಕ್ಷರಕ್ಕೆ ಇಷ್ಟು ಅಂತ ನಾನು ಯಾವತ್ತೂ ತಗೊಂಡಿಲ್ಲ, ಹೆಸರಿಗೆ ಇಷ್ಟು ಅಂತ ತಗೊಂಡೋನು. ಯಾಕೆ ಅಂದ್ರೆ ಬಸ್ಸಿನ ತಗಡು ಕೈಗೆ ಬಂದ ಕೂಡ್ಲೇ ನಾನು ಮೊದ್ಲು ನೋಡೋದು ಊರಿನ ಹೆಸರಲ್ಲಿ ಒತ್ತು ಎಲ್ಲಿದೆ ಅಂತ. ‘ಸಾಗರ’ ಸುಖ, ತಗಡಿನ ಎತ್ತರ ಪೂರ್ತಿ ಅಕ್ಷರಕ್ಕೇ ಸಿಗ್ತದೆ. ‘ತೀರ್ಥಹಳ್ಳಿ’ಗೆ ಹಂಗಾಗಲ್ಲ. ಕೆಳಗೆ ಳ ಒತ್ತು ನೇತಾಡ್ತದೆ, ಅದಕ್ಕೆ ಮೂರರಲ್ಲಿ ಒಂದು ಪಾಲು ಬಿಡ್ಬೇಕು. ಮೇಲೆ ಎರಡು ಕಡೆ ಗುಡಿಸು, ಅದು ತಗಡಿನ ಅಂಚಿಗೆ ತಾಗಬಾರ್ದು. ಉಳಿದದ್ದರಲ್ಲಿ ಅಕ್ಷರದ ಹೊಟ್ಟೆ. ಹಾಗಾಗಿ ಮೊದ್ಲು ಕೆಳಗಿನ ಗೆರೆ ಹಾಕ್ತೇನೆ, ಆಮೇಲೆ ಮೇಲಿಂದು. ದಾರಕ್ಕೆ ಚಾಕ್‌ಪೀಸ್ ಪುಡಿ ತಿಕ್ಕಿ, ಆಚೆ ತುದಿ ಹುಡುಗ ಹಿಡ್ಕೊಂಡ್ರೆ, ಮಧ್ಯ ಎತ್ತಿ ಬಿಟ್ಟೆ ಅಂದ್ರೆ ಗೆರೆ ಬಿತ್ತು. ‘ಶಿವಮೊಗ್ಗ’ದಲ್ಲಿ ಗ ಒತ್ತನ್ನ ಒಂಚೂರು ಬಲಕ್ಕೆ ಸರಿಸಿ ಏರಿಸಿ ಹಾಕಿದ್ರೂ ನಡೀತದೆ. ತೀರ್ಥಹಳ್ಳೀಲಿ ಆ ಆಟ ನಡಿಯಲ್ಲ.

ನಿನ್ನ ಲೇಬಲ್ಲಲ್ಲೂ ನೋಡ್ಕೋ. ‘ಅಪ್ಪೆ’ಯ ಪ ಒತ್ತು, ‘ಉಪ್ಪಿ’ಯ ಪ ಒತ್ತು ಎರಡನ್ನೂ ನೀನು ಒಂದೇ ಥರ ಬರೆದಿರಕ್ಕಿಲ್ಲ. ಬರೆದಿದ್ರೆ ನೀನು ಅಕ್ಷರ ಬರೆಯೋಳೇ ಅಲ್ಲ.

ತುಂಗೆದಡ

ಅಣ್ಣ, ಸರಿಯಾಗಿ ಹಿಡಿದ್ರಿ. ‘ಪ್ಪೆ’ ಒತ್ತಿನ ಬಾಲ ‘ಮಿ’ ಕೆಳಗೆ ತನಕ ಎಳೆದಿದ್ದೇನೆ, ಅಲ್ಲಿ ಜಾಗ ಖಾಲಿ ಇತ್ತು. ‘ಪ್ಪಿ’ ಒತ್ತು ಮೊಟಕು, ಮುದುಡಿಕೊಂಡು ಕೂತಿದೆ. ಗಿರಾಕಿಗೆ ಇಷ್ಟ ಆಗಿದ್ದು ಆ ಎಳೆದ ಬಾಲವೇ.

ಸೊನ್ನೆಒಂದು

ನಾನು ಕೊಪ್ಪದವನು, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ, ಸಂಜೆ ಹೊತ್ತು ಫಾಂಟ್ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ಲೆಟರಿಂಗ್ ಅಂದರೆ ಒಂದು ಪದದ ಚಿತ್ರ. ಫಾಂಟ್ ಅಂದರೆ ಇನ್ನೂ ಯಾರೂ ಬರೆಯದ ಪದಗಳಿಗೂ ಇವತ್ತೇ ಮಾಡಿಡುವ ಏರ್ಪಾಡು. ನಿಮ್ಮ ‘ಪ್ಪೆ’ಯ ಬಾಲ ಮುಂದೆ ‘ಮಿ’ ಇರುವುದು ಗೊತ್ತಿದ್ದರಿಂದ ಹುಟ್ಟಿದ್ದು. ‘ಅಪ್ಪೆಹುಳಿ’ ಅಂತ ಟೈಪ್ ಮಾಡಿದರೆ ಅದೇ ಬಾಲ ‘ಹು’ ಕೊಂಬಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಫಾಂಟಿನಲ್ಲಿ ಬದಲಿ ರೂಪಗಳನ್ನು ಇಟ್ಟು ‘ಮುಂದೆ ಇಂಥದ್ದು ಬಂದರೆ ಇದನ್ನು ಹಾಕು’ ಅಂತ ನಿಯಮ ಬರೆಯಬಹುದು, ಖಂಡಿತ. ಆದರೆ ಅದು ಕೊನೆಯ ಹಂತದ ಕೆಲಸ.

ಮೊದಲ ಹಂತದ ಲೆಕ್ಕ ಹೇಳುತ್ತೇನೆ. ಶಾಲೆಯ ವರ್ಣಮಾಲೆಯಲ್ಲಿ 34 ವ್ಯಂಜನ, 13 ಸ್ವರ. ಕಾಗುಣಿತವನ್ನು ಒಂದೊಂದಾಗಿ ಬರೆದರೆ 442 ರೂಪ. ಎರಡು ವ್ಯಂಜನದ ಒತ್ತಕ್ಷರ 34ಕ್ಕೆ 34, ಅಂದರೆ 1156, ಅವಕ್ಕೂ ಮತ್ತೆ ಕಾಗುಣಿತ. ಹೀಗೆ ಯಾರೂ ಬರೆಯುವುದಿಲ್ಲ, ಬಿಡಿಭಾಗ ಮಾಡಿಕೊಳ್ಳುತ್ತಾರೆ. ಪ್ರತಿ ವ್ಯಂಜನಕ್ಕೆ ನಾಲ್ಕು ರೂಪ ಬೇಕು. ತಲೆಕಟ್ಟಿರುವ ‘ಕ’, ತಲೆಕಟ್ಟು ಕಳಚಿದ ಬುಡ (ಕಾ, ಕೆ, ಕೌ ಎಲ್ಲಕ್ಕೂ ಇದೇ), ಗುಡಿಸು ಬೆರೆತುಹೋದ ‘ಕಿ’, ಮತ್ತೆ ಒತ್ತು. ಅಲ್ಲಿಗೆ 136. ಸ್ವರಗಳು, ಚಿಹ್ನೆಗಳು, ಅಂಕಿ, ಅಲ್ಪವಿರಾಮ ಪೂರ್ಣವಿರಾಮ ಸೇರಿದರೆ ಇನ್ನೂರು ದಾಟುತ್ತದೆ. ಇದು ಬರೀ ಕನ್ನಡ. ಗಿರಾಕಿ ನಾಳೆ ‘250 ಗ್ರಾಂ’ ಪಕ್ಕದಲ್ಲಿ ಇಂಗ್ಲಿಷ್ ಬೇಕು ಅಂದರೆ ಅದು ಬೇರೆ.

ಇನ್ನು ತಕರಾರು ಮಾಡುವ ಅಕ್ಷರಗಳು. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಇರುವುದೇ ಇಲ್ಲ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಬರೆದು ನೋಡಿ. ಉಳಿದವಕ್ಕೆ ತಲೆಕಟ್ಟು ತೆಗೆದು ಚಿಕ್ಕದು ಮಾಡಿದರೆ ಸಾಕು ಅಂದುಕೊಳ್ಳುವುದು ಸುಲಭ. ಆದರೆ ಕಂಪ್ಯೂಟರಿನಲ್ಲಿ ಹಾಗೇ ಕುಗ್ಗಿಸಿದರೆ ಗೆರೆಯ ದಪ್ಪವೂ ಕುಗ್ಗಿ ಒತ್ತು ಬಡಕಲಾಗುತ್ತದೆ. ಒತ್ತನ್ನು ಬೇರೆಯೇ ಬರೆಯಬೇಕು, ಅಗಲ ಸ್ವಲ್ಪ ಜಾಸ್ತಿ, ದಪ್ಪ ಮೇಲಿನದರ ಹತ್ತಿರ ಹತ್ತಿರ.

ಆಮೇಲೆ ಪ, ಫ, ವ. ಉಳಿದವಕ್ಕೆ ಕೊಂಬು ಬಲಪಕ್ಕಕ್ಕೆ ಕೂರುತ್ತದೆ, ಇವು ಮೂರಕ್ಕೆ ಬುಡದಿಂದ ಎದ್ದು ಬರುತ್ತದೆ. ‘ವ’ ಪಕ್ಕಕ್ಕೆ ಎಲ್ಲರಂತೆ ಕೊಂಬು ಅಂಟಿಸಿದರೆ ‘ಮ’ ಆಗಿಬಿಡುತ್ತದಲ್ಲ! ‘ಶಿಕಾರಿಪುರ’ ಅಂತ ಟೈಪ್ ಮಾಡಿದ ತಕ್ಷಣ ಗೊತ್ತಾಗುತ್ತದೆ ಫಾಂಟ್ ಮಾಡಿದವರು ಕನ್ನಡ ಓದುವವರೋ ಅಲ್ಲವೋ ಅಂತ.

ಅರ್ಕಾವತ್ತಿನದ್ದು ಇನ್ನೊಂದು. ‘ತೀರ್ಥ’ದಲ್ಲಿ ರ ಮೊದಲು ಟೈಪಾಗುತ್ತದೆ, ಕಾಣುವುದು ಥ ಆದ ಮೇಲೆ. ಈ ಜಾಗ ಬದಲಿಸುವ ಕೆಲಸವನ್ನು ಹಾರ್ಫ್‌ಬಜ್ ಥರದ ಎಂಜಿನ್, ಅಂದರೆ ಅಕ್ಷರ ಜೋಡಿಸಿ ತೋರಿಸುವ ತಂತ್ರಾಂಶ, ಮಾಡುತ್ತದೆ (ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಒಳಗೆ ಇರುವುದು ಅದೇ). ಆದರೆ ‘ನನ್ನ ಅರ್ಕಾವತ್ತು ಇದು, ಪ ಒತ್ತು ಇದು’ ಅಂತ ಓಪನ್‌ಟೈಪ್ ನಿಯಮಗಳಲ್ಲಿ (ಫಾಂಟಿನೊಳಗೇ ಬರೆದಿಡುವ ಸೂಚನೆಗಳು) ನೀವೇ ಬರೆದು ತೋರಿಸಬೇಕು. ಅಕ್ಷರ ಚೆಂದ ಇದ್ದು ಇದು ತಪ್ಪಿದರೆ ಒತ್ತೆಲ್ಲ ಬಿಡಿಬಿಡಿಯಾಗಿ ಪಕ್ಕದಲ್ಲಿ ಬಿದ್ದಿರುತ್ತವೆ.

ಹೊಸನಗರ ಎಕ್ಸ್‌ಪ್ರೆಸ್

ಇಷ್ಟೆಲ್ಲ ಯಾಕೆ ಸ್ವಾಮಿ. ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ ಸಿಗತ್ತೆ. ನೋಟೋ ಇದೆ, ಅನೇಕ್ ಇದೆ, ಬಾಲೂ ತಮ್ಮ ಇದೆ, ಅಕಾಯ ಕನಡಕ ಇದೆ. ಉಪ್ಪಿನಕಾಯಿ ತಿನ್ನೋನು ಒತ್ತಕ್ಷರ ನೋಡ್ತಾನಾ?

ತಗಡುಬೋರ್ಡು, ಸಾಗರ

ತಿನ್ನೋನು ನೋಡಲ್ಲ, ಕೊಳ್ಳೋನು ನೋಡ್ತಾನೆ. ಒಂದೇ ಅಂಗಡೀಲಿ ಹತ್ತು ಬಾಟ್ಲಿ ಸಾಲಾಗಿ ಇಟ್ಟಿರ್ತಾರೆ, ಎಲ್ಲಾದ್ರ ಮೇಲೂ ಅದೇ ಅಕ್ಷರ. ಆಗ ಬೇರೆ ಥರದ್ದು ಕಾಣ್ತದೋ ಇಲ್ವೋ ನೀನೇ ಹೇಳು.

ಮಸಿಕೈ, ಶಿವಮೊಗ್ಗ

ನಾನು ಪ್ರೆಸ್ ನಡೆಸೋನು. ಹೊಸನಗರದವರ ಮಾತನ್ನ ಪೂರ್ತಿ ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ಕೆಲಸಕ್ಕೆ ಬರತ್ತೆ. ಆ ಫಾಂಟುಗಳು ಸಿಲ್ ಓಪನ್ ಫಾಂಟ್ ಲೈಸೆನ್ಸ್ ಅಡಿ ಬರ್ತವೆ. ಲೇಬಲ್ಲಿಗೆ, ಪುಸ್ತಕಕ್ಕೆ, ಬೋರ್ಡಿಗೆ, ಯಾವುದಕ್ಕೆ ಬೇಕಾದ್ರೂ ಬಳಸಬಹುದು, ದುಡ್ಡು ಕೊಡ್ಬೇಕಾಗಿಲ್ಲ. ಫಾಂಟನ್ನೇ ಬಿಡಿಯಾಗಿ ಮಾರೋ ಹಾಗಿಲ್ಲ, ಅಷ್ಟೇ. ಮತ್ತೆ ತಿಂಡಿ ತಿನಿಸಿನ ಲೇಬಲ್ಲಲ್ಲಿ ಕಡ್ಡಾಯ ವಿವರ (ಏನೇನು ಹಾಕಿದೆ, ತೂಕ, ತಯಾರಿಸಿದ ದಿನ ಇತ್ಯಾದಿ) ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರ್ಲೇಬೇಕು, ಜೊತೆಗೆ ಕನ್ನಡ ಹಾಕಬಹುದು. ಅಂದ್ರೆ ಆ ಪುಣ್ಯಾತ್ಮರಿಗೆ ನಿಮ್ಮ ಬ್ರಶ್ ಅಕ್ಷರ ಬೇಕಾಗಿರೋದು ಐಟಮ್ಮಿನ ಹೆಸರಿಗೆ ಮಾತ್ರ. ಕೆಳಗಿನ ಸಣ್ಣಕ್ಷರಕ್ಕೆ ಬಿಟ್ಟಿ ಫಾಂಟೇ ಸಾಕು, ಓದೋಕೂ ಅದೇ ವಾಸಿ.

ಇನ್ನೊಂದು, ಡಿಸೈನ್ ಮಾಡೋರು ಯಾರೂ ಯೋಚನೆ ಮಾಡದೇ ಇರೋದು. ನೀವು ಫಾಂಟ್ ಮಾಡಿದ್ರಿ ಅಂತಿಟ್ಕೊಳ್ಳಿ. ಅವರು ಅದನ್ನ ತಗೊಂಡು ನನ್ನಂಥೋನ ಅಂಗಡಿಗೆ ಬರ್ತಾರೆ. ನಮ್ಮ ಹುಡುಗ ಇವತ್ತಿಗೂ ಪೇಜ್‌ಮೇಕರ್ (ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್) ತೆಗೀತಾನೆ. ಅದರಲ್ಲಿ ಯುನಿಕೋಡ್ ಕನ್ನಡ, ಅಂದ್ರೆ ಈಗ ಫೋನು ಕಂಪ್ಯೂಟರಲ್ಲೆಲ್ಲ ನಡೆಯೋ ಕನ್ನಡ, ಕೂರೋದೇ ಇಲ್ಲ. ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ಗಳಿಗೆ ಕೈ ಕೂತುಬಿಟ್ಟಿದೆ. ಆ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳನ್ನ ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕೂರಿಸಿರ್ತಾರೆ, ಫಾಂಟ್ ಬದಲಾಯಿಸಿದ್ರೆ ಹಾಳೆ ತುಂಬ ಇಂಗ್ಲಿಷ್ ಗಜಿಬಿಜಿ. ಇಲ್ಲಸ್ಟ್ರೇಟರ್, ಇನ್‌ಡಿಸೈನ್ ಇರೋ ಕಡೆಯೂ ಭಾರತೀಯ ಭಾಷೆಯ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಮಾಡದೇ ಇದ್ರೆ ಒತ್ತು ಒಡೆದುಹೋಗತ್ತೆ. ಆಗ ಫೋನ್ ಯಾರಿಗೆ ಬರತ್ತೆ? ನಿಮಗೆ. “ನಿಮ್ಮ ಫಾಂಟ್ ಸರಿ ಇಲ್ಲ” ಅಂತ. ರೇಟ್ ಹೇಳೋವಾಗ ಈ ಫೋನುಗಳನ್ನೂ ಲೆಕ್ಕ ಹಾಕ್ಕೊಳ್ಳಿ.

ತುಂಗೆದಡ

ಮಸಿಕೈ ಸರ್, ಸಣ್ಣಕ್ಷರದ ವಿಷಯ ನನಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಸೊನ್ನೆಒಂದು ಅವರೇ, ಯಾವ ಸಾಫ್ಟ್‌ವೇರಲ್ಲಿ ಶುರು ಮಾಡೋದು? ನನ್ನ ಹತ್ರ ಇರೋದು ವಿಂಡೋಸ್ ಲ್ಯಾಪ್‌ಟಾಪ್.

ಸೊನ್ನೆಒಂದು

ಗ್ಲಿಫ್ಸ್ ಅನ್ನೋದನ್ನು ಎಲ್ಲರೂ ಹೊಗಳುತ್ತಾರೆ, ಅದು ಮ್ಯಾಕ್‌ಗೆ ಮಾತ್ರ. ನಿಮಗೆ ಫಾಂಟ್‌ಫೋರ್ಜ್ ಸಾಕು. ಉಚಿತ, ನೋಡಲು ಹಳೇ ಕಾಲದ ಥರ ಇದೆ, ಆದರೆ ನಿಯಮ ಬರೆಯುವುದೂ ಸೇರಿ ಎಲ್ಲವೂ ಆಗುತ್ತದೆ. ಅಕ್ಷರವನ್ನು ಇಂಕ್‌ಸ್ಕೇಪ್‌ನಲ್ಲಿ ಶುದ್ಧ ಮಾಡಿಕೊಂಡು ಒಳಗೆ ತನ್ನಿ.

ಅ ಆ ಇ ಈ ಕ್ರಮದಲ್ಲಿ ಬರೆಯಲು ಹೋಗಬೇಡಿ. ‘ಋ’, ‘ಞ’ಗಳನ್ನೆಲ್ಲ ಚೆಂದ ಮಾಡುತ್ತ ಕೂತು ಕೊನೆಗೆ ಒತ್ತಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಮೊದಲು ‘ಕ ಗ ರ ನ ಪ’ ಇಟ್ಟುಕೊಂಡು ಗೆರೆಯ ದಪ್ಪ, ಹೊಟ್ಟೆಯ ದುಂಡು, ತಲೆಕಟ್ಟಿನ ಬಾಗು ಇತ್ಯರ್ಥ ಮಾಡಿ. ಆಮೇಲೆ ನೇರ ಕಷ್ಟಕ್ಕೆ ಬನ್ನಿ. ನಾನು ಯಾವಾಗಲೂ ಮೊದಲು ಟೈಪ್ ಮಾಡುವುದು ನಮ್ಮ ಕಡೆಯ ಬಸ್ ಬೋರ್ಡುಗಳನ್ನೇ. ಶೃಂಗೇರಿ (ವಟ್ರಸುಳಿಯ ಪಕ್ಕ ಸೊನ್ನೆಗೆ ಎಷ್ಟು ಜಾಗ ಅಂತ ಗೊತ್ತಾಗುತ್ತದೆ), ತೀರ್ಥಹಳ್ಳಿ, ಶಿಕಾರಿಪುರ, ಶಿವಮೊಗ್ಗ, ಭದ್ರಾವತಿ, ಕುಪ್ಪಳಿ. ಇವು ಸರಿ ಕೂತರೆ ರಾಷ್ಟ್ರ, ಲಕ್ಷ್ಮೀ, ಸ್ತ್ರೀ, ವಿಜ್ಞಾನ. ಕಡೆಗೆ ರ‍್ಯಾಂಕ್. ಇಲ್ಲಿ ಅರ್ಕಾವತ್ತು ಬರಬಾರದು, ರ ಕೆಳಗೆ ಯ ಒತ್ತೇ ಬರಬೇಕು, ಅದಕ್ಕೆ ಮಧ್ಯೆ ಕಣ್ಣಿಗೆ ಕಾಣದ ಜೋಡಕ ಒಂದನ್ನು ಟೈಪ್ ಮಾಡಬೇಕಾಗುತ್ತದೆ.

ಸಾಲಿನ ಅಂತರದ ಬಗ್ಗೆ ತಗಡುಬೋರ್ಡು ಅಣ್ಣ ಹೇಳಿದ್ದೇ ಸೂತ್ರ. ‘ರಾಷ್ಟ್ರ’ದ ಕೆಳಗಿನ ತುದಿ, ಮುಂದಿನ ಸಾಲಿನ ‘ಶ್ರೀ’ಯ ಮೇಲಿನ ತುದಿ, ಇವೆರಡೂ ತಾಗಬಾರದು. ಫಾಂಟ್ ಮಾಡುವವರು ಇದಕ್ಕೆ ಹೆದರಿ ಒತ್ತನ್ನು ತೀರಾ ಸಣ್ಣ ಮಾಡಿಬಿಡುತ್ತಾರೆ. ಫೋನಿನಲ್ಲಿ ಓದುವಾಗ ‘ಪ್ಪ’ವೋ ‘ಪ್ಷ’ವೋ ತಿಳಿಯದೇ ಕಣ್ಣು ಕಿರಿದು ಮಾಡುವುದು ಇದರಿಂದಲೇ.

ತಗಡುಬೋರ್ಡು, ಸಾಗರ

ಒತ್ತಿಗೆ ಮೂರರಲ್ಲಿ ಒಂದು ಪಾಲು. ಬರೆದಿಟ್ಕೊಳ್ಳಿ.

ಶಾಸನದ ಬೆನ್ನುಹತ್ತಿ

ಶಿರಾಳಕೊಪ್ಪದ ಹತ್ತಿರದ ಶಾಲೆಯೊಂದರಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಫಾಂಟ್ ಮಾಡಲು ಹೊರಟವರೆಲ್ಲ ಇಂಟರ್‌ನೆಟ್ಟಿನಲ್ಲಿ ಹೊರದೇಶದ ಅಕ್ಷರಗಳನ್ನು ನೋಡುತ್ತ ಕೂರುತ್ತಾರೆ ಅನ್ನುವುದು ನನ್ನ ತಕರಾರು. ನಮ್ಮ ಜಿಲ್ಲೆ ಪೂರ್ತಿ ಅಕ್ಷರವೇ ಇದೆಯಲ್ಲ!

ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬ ನೋಡಿದ್ದೀರಾ? ಕದಂಬರ ಶಾಂತಿವರ್ಮನ ಕಾಲದ್ದು, 5ನೇ ಶತಮಾನ. ಭಾಷೆ ಸಂಸ್ಕೃತ, ಎಂಟು ಮುಖದ ಕಂಬದಲ್ಲಿ ಸಾಲುಗಳು ಲಂಬವಾಗಿ ಓಡುತ್ತವೆ. ಪ್ರತಿ ಅಕ್ಷರದ ತಲೆಯ ಮೇಲೆ ಪುಟ್ಟ ಚೌಕ ಪೆಟ್ಟಿಗೆ. ಲಿಪಿತಜ್ಞರು ಇದನ್ನು ಪೆಟ್ಟಿಗೆತಲೆಯ ಲಿಪಿ ಅಂತಲೇ ಕರೆಯುತ್ತಾರೆ. ಪದ್ಯ ಬರೆದ ಕವಿ ಕುಬ್ಜ, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಎಂದು ಅಲ್ಲೇ ಹೇಳಿಕೊಂಡಿದ್ದಾನೆ. ಕವಿಯೇ ಲೆಟರಿಂಗ್ ಕಲಾವಿದ! ಅಲ್ಲಿಂದ ಬಳ್ಳಿಗಾವಿ ದೂರವಿಲ್ಲ. ಕೇದಾರೇಶ್ವರದ ಹತ್ತಿರ ನಿಂತ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅಕ್ಷರ ದುಂಡಗಾಗಿ, ಮೈತುಂಬಿಕೊಂಡು, ತಲೆಕಟ್ಟು ಇವತ್ತಿನದಕ್ಕೆ ಹತ್ತಿರ ಬಂದಿದೆ. ಸಾಲು ಎಷ್ಟು ಒತ್ತೊತ್ತಾಗಿ ಇವೆ, ಆದರೂ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಹೇಗೆ ಓರೆಯಾಗಿ ಜಾರಿಸಿದ್ದಾರೆ, ಅದನ್ನು ನೋಡಿ ಬನ್ನಿ. ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಓರೆ ಬಿಸಿಲಿದ್ದರೆ ಮಾತ್ರ ಕೊರೆದ ಗೆರೆ ಫೋಟೋದಲ್ಲಿ ಬರುತ್ತದೆ. ಮಧ್ಯಾಹ್ನ ಏನೂ ಕಾಣುವುದಿಲ್ಲ. ಸುಣ್ಣ, ಚಾಕ್‌ಪೀಸ್ ತಿಕ್ಕುವ ಕೆಲಸ ದಯವಿಟ್ಟು ಬೇಡ.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ಶಿವಮೊಗ್ಗ ಜಿಲ್ಲೆಯವೇ. ಯಾವ ಊರಲ್ಲಿ ಏನಿದೆ ಅಂತ ತಿಳಿಯಲು ಅದು ಸಾಕು. ಸಾಗರ ಕಡೆಯವರಿಗೆ ಕೆಳದಿಯ ವಸ್ತುಸಂಗ್ರಹಾಲಯ ಇದೆ. ಅಲ್ಲಿ ತಿಗಳಾರಿ ಎಂಬ ಹಳೆಯ ಲಿಪಿಯ ತಾಳೆಗರಿಗಳಿವೆ. ಕಬ್ಬಿಣದ ಕಂಟದಲ್ಲಿ ಬರೆದ ಅಕ್ಷರದ ತಿರುವು, ಲೇಖನಿಯಲ್ಲಿ ಬರೆದದ್ದಕ್ಕಿಂತ ಬೇರೆ. ಅಂದಹಾಗೆ 2024ರಲ್ಲಿ ಯುನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿಗೂ ಜಾಗ ಸಿಕ್ಕಿದೆ. ಅದಕ್ಕೆ ಫಾಂಟ್ ಮಾಡುವವರು ಬೇಕಾಗಿದ್ದಾರೆ, ಯಾರಿಗಾದರೂ ಉತ್ಸಾಹ ಇದ್ದರೆ.

ಹೊಸನಗರ ಎಕ್ಸ್‌ಪ್ರೆಸ್

ಮೇಡಂ, ಉಪ್ಪಿನಕಾಯಿಗೆ ಕದಂಬ ಲಿಪಿ ಹಾಕಿದ್ರೆ ಎಕ್ಸ್‌ಪೈರಿ ಡೇಟ್ ಆಗೋಗಿದೆ ಅಂದ್ಕೋತಾರೆ ಜನ 😀

ಶಾಸನದ ಬೆನ್ನುಹತ್ತಿ

ನಗು ಬಂತು, ಒಪ್ಪಿದೆ. ನಾನು ಹೇಳಿದ್ದು ನಕಲು ಮಾಡಿ ಅಂತ ಅಲ್ಲ. ಕಣ್ಣು ಪಳಗಲಿ ಅಂತ.

ಮಸಿಕೈ, ಶಿವಮೊಗ್ಗ

ಕಣ್ಣು ಪಳಗೋ ಮಾತು ಬಂತಲ್ಲ, ವಿಂಡೋಸ್‌ನಲ್ಲಿ ಬರೋ ತುಂಗಾ ಫಾಂಟ್ ಮಾಡಿಸಿದ್ದು ಮುಂಬೈನ ಕ್ಯಾಲಿಗ್ರಫಿ ಕಲಾವಿದ ಆರ್.ಕೆ. ಜೋಶಿ. ನಮ್ಮ ಹೊಳೆ ಹೆಸರಿನ ಫಾಂಟ್, ಕೆಲಸ ಆದದ್ದು ಅಲ್ಲಿ. ಚೆಂದವೋ ಅಲ್ವೋ ಅಂತ ಜಗಳ ಆಡೋರು ಇದಾರೆ, ನನ್ನ ಪ್ರಕಾರ ಸ್ಕ್ರೀನಿಗೆ ಸರಿ, ಅಚ್ಚಿಗೆ ಬಡಕಲು. ನಮ್ಮ ಕಡೆಯೋರು ಯಾರಾದ್ರೂ ಒಂದು ಗಟ್ಟಿ ಅಚ್ಚಿನ ಫಾಂಟ್ ಮಾಡಿದ್ರೆ ನಾನಂತೂ ಮೊದಲು ಕೊಳ್ತೀನಿ.

ಇನ್ನೊಂದು ಸುದ್ದಿ. 2024ರಲ್ಲಿ ಕಾನೂನು ತಿದ್ದುಪಡಿ ಆದ್ಮೇಲೆ ಅಂಗಡಿ ಬೋರ್ಡಲ್ಲಿ ಶೇ 60 ಕನ್ನಡ ಇರ್ಬೇಕು ಅಂತಾಯ್ತಲ್ಲ, ಕೆಲಸ ಬಂತು ಅಂತ ಎಲ್ರೂ ಖುಷಿಪಟ್ವಿ. ಬಂದಿದ್ದು ಏನು? ಇಂಗ್ಲಿಷ್ ಹೆಸರು ಚೆಂದಗೆ ಡಿಸೈನ್ ಮಾಡಿಸಿರ್ತಾರೆ, ಕನ್ನಡ ಮಾತ್ರ ಕಂಪ್ಯೂಟರಿನಲ್ಲಿ ಕೈಗೆ ಸಿಕ್ಕಿದ ಫಾಂಟಲ್ಲಿ ಹಿಗ್ಗಿಸಿ ಮೇಲೆ ಕೂರಿಸ್ತಾರೆ. ಅಳತೆ ಸರಿ, ಕಾನೂನಿಗೂ ಸರಿ, ನೋಡೋಕೆ ದರಿದ್ರ. ಇಂಗ್ಲಿಷ್ ಲೋಗೋಗೆ ಜೋಡಿಯಾಗಿ ಕನ್ನಡ ಬರೆದುಕೊಡೋರಿಗೆ ಇಲ್ಲಿ ದೊಡ್ಡ ಜಾಗ ಖಾಲಿ ಇದೆ. ತುಂಗೆದಡ ಅವರು ಉಪ್ಪಿನಕಾಯಿ ಬಿಟ್ಟು ಇದನ್ನ ನೋಡ್ಲಿ ಅಂತ ನನ್ನ ಸಲಹೆ.

ಕರಿಕೋಟು

ಅಕ್ಷರ ಯಾರದ್ದಾಗುತ್ತದೆ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ವಕೀಲ ನಾನು. ಆದರೆ ಇದನ್ನು ಸಲಹೆ ಎಂದುಕೊಳ್ಳದೆ ತಿಳಿವಳಿಕೆಗೆ ಓದಿ.

ಕೈಯಲ್ಲಿ ಬರೆದ ಲೇಬಲ್, ಲೋಗೋ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಲಾಕೃತಿಯಾಗಿ ನಿಲ್ಲಬಹುದು. ಫಾಂಟಿನ ಅಕ್ಷರಶೈಲಿಗೆ ನೆಲ ಅಷ್ಟು ಗಟ್ಟಿ ಇಲ್ಲ. 2002ರಲ್ಲಿ ಕಾಪಿರೈಟ್ ಬೋರ್ಡ್ ಒಂದು ಪ್ರಕರಣದಲ್ಲಿ ಅಕ್ಷರಶೈಲಿಯನ್ನು ಕಲಾಕೃತಿಯೆಂದು ಒಪ್ಪಲಿಲ್ಲ. ಇನ್ನೊಂದು ದಾರಿ 2000ದ ಡಿಸೈನ್ಸ್ ಕಾಯ್ದೆ. ಅದರ ವರ್ಗೀಕರಣದಲ್ಲಿ ಅಕ್ಷರಶೈಲಿಗೆ ಪ್ರತ್ಯೇಕ ಸ್ಥಾನವಿದೆ. ನೋಂದಣಿಯಾದರೆ 10 ವರ್ಷ, ಮುಂದುವರಿಸಿದರೆ ಮತ್ತೆ 5. ಷರತ್ತು ಏನೆಂದರೆ ಅರ್ಜಿಗೆ ಮೊದಲೇ ಹೊರಗೆ ಪ್ರಕಟಿಸಿರಬಾರದು. ಇನ್‌ಸ್ಟಾಗ್ರಾಮಿನಲ್ಲಿ ಅ ಇಂದ ಳ ವರೆಗೆ ಹಾಕಿ ಚಪ್ಪಾಳೆ ತೆಗೆದುಕೊಂಡ ಮೇಲೆ ನೋಂದಣಿಗೆ ಹೋದರೆ ಕಷ್ಟ.

ನಿಮ್ಮ ಗಿರಾಕಿಯ ವಿಷಯಕ್ಕೆ ಬಂದರೆ, ಬಾಯಿಮಾತು ಬೇಡ. ದುಡ್ಡು ಕೊಟ್ಟು ಮಾಡಿಸಿದ ಕೆಲವು ಬಗೆಯ ಚಿತ್ರಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಹಕ್ಕುದಾರರು ಎಂದು 17ನೇ ಕಲಂ ಹೇಳುತ್ತದೆ. ನಿಮ್ಮ ಬರಹ ಅದರೊಳಗೆ ಬರುತ್ತದೋ ಇಲ್ಲವೋ ಎಂದು ಆಮೇಲೆ ವಾದ ಮಾಡುವುದಕ್ಕಿಂತ ಈಗಲೇ ಒಂದು ಪುಟ ಬರೆದು ಸಹಿ ಮಾಡಿಸಿಕೊಳ್ಳಿ. ಹಕ್ಕು ವರ್ಗಾವಣೆ ಲಿಖಿತವಾಗಿ ಇರಲೇಬೇಕು, ಅದು 19ನೇ ಕಲಂ. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಎಲ್ಲಿಯವರೆಗೆ ಎಂದು ಬರೆಯದಿದ್ದರೆ ಭಾರತದೊಳಗೆ ಎಂದೂ ಅರ್ಥ. ‘ಈ ಹೆಸರುಗಳ ಚಿತ್ರವನ್ನು ನಿಮ್ಮ ಲೇಬಲ್, ಜಾಹೀರಾತಿಗೆ ಬಳಸಬಹುದು, ಅಕ್ಷರಗಳನ್ನು ಬಿಡಿಸಿ ಬೇರೆ ಪದ ಕಟ್ಟುವಂತಿಲ್ಲ, ಈ ಶೈಲಿಯಲ್ಲಿ ಫಾಂಟ್ ಮಾಡುವ ಹಕ್ಕು ಕಲಾವಿದೆಯದ್ದೇ’ ಎಂದು ಮೂರು ಸಾಲು ಇದ್ದರೆ ಅರ್ಧ ತಲೆನೋವು ಹೋಯಿತು.

ಜಿಎಸ್‌ಟಿ ಬಗ್ಗೆ ಭಯ ಬೇಡ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ.

ತಗಡುಬೋರ್ಡು, ಸಾಗರ

20 ಲಕ್ಷ! ಬೋರ್ಡ್ ಬರೆದು ಅಲ್ಲಿಗೆ ಮುಟ್ಟಿದೋರನ್ನ ಯಾರಾದ್ರೂ ತೋರಿಸಿದ್ರೆ ಕಾಲು ಮುಟ್ಟಿ ನಮಸ್ಕಾರ ಮಾಡ್ತೇನೆ.

ಸೊನ್ನೆಒಂದು

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಈ ಗಿರಾಕಿಗೆ ಫಾಂಟ್ ಮಾಡಬೇಡಿ. ಅವರಿಗೆ ಬೇಕಿರುವುದು ಐದಾರು ಹೆಸರು. ಆ ಐದಾರನ್ನು ನೀವು ಕೈಯಲ್ಲೇ ಬರೆದರೆ ಫಾಂಟಿಗಿಂತ ಚೆಂದ ಬರುತ್ತದೆ, ಅವರಿಗೆ ಖರ್ಚೂ ಕಡಿಮೆ, ನಿಮ್ಮ ಶೈಲಿಯೂ ನಿಮ್ಮ ಹತ್ತಿರ ಉಳಿಯುತ್ತದೆ. ಇನ್ನೂರು ಚಿಲ್ಲರೆ ರೂಪ ಬರೆದು, ನಿಯಮ ಕೂರಿಸಿ, ಮಸಿಕೈ ಅವರ ಹುಡುಗನ ಫೋನ್ ತೆಗೆದುಕೊಳ್ಳುವ ಕೆಲಸಕ್ಕೆ ಒಬ್ಬ ಉಪ್ಪಿನಕಾಯಿಯವರು ಕೊಡಬಹುದಾದ ದುಡ್ಡು ಸಾಲುವುದೇ ಇಲ್ಲ. ಫಾಂಟ್ ಮಾಡುವುದಾದರೆ ನಿಮಗಾಗಿ ಮಾಡಿ, ನಿಧಾನವಾಗಿ, ಹತ್ತಾರು ಜನರಿಗೆ ಪರವಾನಗಿ ಮಾರುವ ಹಾಗೆ. ಬ್ರಶ್ ಶೈಲಿಯಲ್ಲಿ ಒತ್ತಿನ ಬಾಲಕ್ಕೆ ಎರಡು ಮೂರು ಬದಲಿ ರೂಪ ಇರುವ ಕನ್ನಡ ಫಾಂಟುಗಳು ಬೆರಳೆಣಿಕೆ. ಆ ಕೊರತೆ ನಿಜ.

ಹೊಸನಗರದವರು ಹೇಳಿದ ಬಿಟ್ಟಿ ಫಾಂಟುಗಳನ್ನು ಬಿಚ್ಚಿ ಒಳಗೆ ನೋಡಿ. ಲೈಸೆನ್ಸ್ ಅದಕ್ಕೆ ಅವಕಾಶ ಕೊಡುತ್ತದೆ. ಬಾಲೂ ತಮ್ಮದಲ್ಲಿ ಒತ್ತನ್ನು ಹೇಗೆ ವಿಂಗಡಿಸಿದ್ದಾರೆ ಅಂತ ನೋಡಿದರೆ ಯಾವ ಪಾಠವೂ ಬೇಡ. ಅಕಾಯ ಕನಡಕದ ಒರಟು ತಿರುವುಗಳನ್ನೂ ನೋಡಿ.

ತುಂಗೆದಡ

ಎಲ್ಲರ ಮಾತು ಓದಿ ಗಿರಾಕಿ ಹತ್ರ ಮಾತಾಡಿದೆ. ಸೊನ್ನೆಒಂದು ಹೇಳಿದ ಹಾಗೇ ಹೇಳಿದೆ. ಈಗಿರೋ ಐಟಮ್ಮುಗಳ ಹೆಸರು ಒಟ್ಟಿಗೆ ಬರೆದುಕೊಡ್ತೇನೆ, ಒಟ್ಟಿಗೆ ಆದ್ದರಿಂದ ರೇಟ್ ಸ್ವಲ್ಪ ಇಳಿಸ್ತೇನೆ. ಮುಂದೆ ಹೊಸದು ಬಂದ್ರೆ ಹೆಸರಿಗೆ ಇಷ್ಟು ಅಂತ ಈಗಲೇ ನಿಗದಿ, ವಾರದೊಳಗೆ ಕೊಡೋದು ನನ್ನ ಜವಾಬ್ದಾರಿ. ಸಣ್ಣಕ್ಷರಕ್ಕೆ ಅನೇಕ್ ಕನ್ನಡ ಹಾಕಿ ಟೆಂಪ್ಲೇಟ್ ಮಾಡಿಕೊಡ್ತೇನೆ, ತೂಕ ರೇಟು ಅವರೇ ಬದಲಾಯಿಸ್ಕೊಳ್ಳಬಹುದು. ಮೊದಲು ಮುಖ ಸಪ್ಪಗಾಯ್ತು. ಆಮೇಲೆ ಅವರ ಮಗಳು ‘ಅಪ್ಪೆಹುಳಿ’ ಅಂತ ಆ ಅಕ್ಷರಗಳನ್ನೇ ಕತ್ತರಿಸಿ ಅಂಟಿಸಿ ನೋಡಿದ್ಲಂತೆ. ಬಾಲ ಹೋಗಿ ‘ಹು’ಗೆ ಚುಚ್ಚಿದ್ದು ನೋಡಿ ಅವಳೇ ಅಪ್ಪನಿಗೆ ಬುದ್ಧಿ ಹೇಳಿದ್ಲು. ಅಡ್ವಾನ್ಸ್ ಬಂತು. ಕರಿಕೋಟು ಸರ್ ಹೇಳಿದ ಮೂರು ಸಾಲಿಗೂ ಸಹಿ ಆಯ್ತು.

ಫಾಂಟ್ ನನ್ನದೇ ಖುಷಿಗೆ ಶುರು ಮಾಡಿದ್ದೇನೆ. ಫಾಂಟ್‌ಫೋರ್ಜ್ ಇಳಿಸ್ಕೊಂಡು ‘ಕ ಗ ರ ನ ಪ’ ಆಯ್ತು. ಈಗ ‘ಪು’ ಹತ್ರ ನಿಂತಿದ್ದೇನೆ. ಬುಡದಿಂದ ಕೊಂಬು ಎಬ್ಬಿಸಿದ್ರೆ ಕೆಳಗೆ ಇಳಿದು ಒತ್ತಿನ ಜಾಗಕ್ಕೆ ನುಗ್ಗತ್ತೆ. ‘ಪುಷ್ಪ’ ಟೈಪ್ ಮಾಡಿದ್ರೆ ಆ ಕೊಂಬಿನ ಬಾಗೂ ಪಕ್ಕದ ಪ ಒತ್ತೂ ಒಂದಕ್ಕೊಂದು ಹೊಡ್ಕೋತವೆ.

ತಗಡುಬೋರ್ಡು, ಸಾಗರ

ಕೊಂಬನ್ನ ಕೆಳಗೆ ಇಳಿಸ್ಬೇಡ, ಗೆರೆ ಮೇಲೇ ತಿರುಗಿಸಿ ಬಲಕ್ಕೆ ಎತ್ತು. ಬ್ರಶ್ ಎತ್ತದೇ ಬರೆದ್ರೆ ತಾನಾಗೇ ಹಾಗೇ ಬರ್ತದೆ. ಬಿಡಿಬಿಡಿ ಮಾಡಿ ಬರೆದದ್ದಕ್ಕೇ ನಿಂಗೆ ಕೆಳಗೆ ಹೋಗಿದ್ದು.

ಸೊನ್ನೆಒಂದು

ಅಣ್ಣ ಹೇಳಿದ್ದು ಸರಿ. ಆದರೆ ಹಾಗೆ ಮಾಡಿದರೆ ‘ಪು’ವಿನ ಅಗಲ ಹೆಚ್ಚುತ್ತದೆ, ‘ಪೂ’ಗೆ ಇನ್ನೂ ಹೆಚ್ಚು. ಮೂರಕ್ಕೂ (ಪು, ಫು, ವು) ಬೇರೆ ಬೇರೆ ಗ್ಲಿಫ್ (ಪೂರ್ತಿ ಅಕ್ಷರರೂಪ) ಇಟ್ಟುಬಿಡಿ, ಬಿಡಿಭಾಗ ಜೋಡಿಸುವ ಆಸೆ ಇಲ್ಲಿ ಬಿಡಿ.

ಮಸಿಕೈ, ಶಿವಮೊಗ್ಗ

ಫೋಟೋ, ಪಿಡಿಎಫ್ ಕಳಿಸ್ಬೇಡಿ. ಅರೆಬರೆ ಆದ್ರೂ ಪರವಾಗಿಲ್ಲ, ಓಟಿಎಫ್, ಅಂದ್ರೆ ಫಾಂಟ್ ಫೈಲೇ ಕಳಿಸಿ. ಇಲ್ಲಿ 8 ಪಾಯಿಂಟು, 12 ಪಾಯಿಂಟು, 48 ಪಾಯಿಂಟು ಮೂರರಲ್ಲೂ ಒಂದೊಂದು ಹಾಳೆ ತೆಗೆದು, ಎಲ್ಲೆಲ್ಲಿ ಮಸಿ ಕಟ್ಟಿಕೊಳ್ತು ಅಂತ ಕೆಂಪಿನಲ್ಲಿ ಗುರುತು ಹಾಕಿ ತೀರ್ಥಹಳ್ಳಿ ಬಸ್ಸಿಗೆ ಕೊಟ್ಟು ಕಳಿಸ್ತೀನಿ. ಪು, ಫು, ವು ಮೂರೂ ಅದರಲ್ಲಿ ಇರ್ಲಿ.